ಮೀನಿನ ಪಕ್ಕದ ಮೊಸರು

ಭಾವನವರಿಗೆ ನಮಸ್ಕಾರ.

ಇಲ್ಲಿ ನಾನು ಬಾಡಿಗೆಗಿರುವ ಮನೆಯ ಒಡತಿ ವೀಗನ್. ಮಾಂಸವಷ್ಟೇ ಅಲ್ಲ, ಹಾಲು, ತುಪ್ಪ, ಜೇನನ್ನೂ ಮುಟ್ಟುವುದಿಲ್ಲ. ನಾನು ಅಪ್ಪಟ ಸಸ್ಯಾಹಾರಿ ಎಂದು ಎದೆಯುಬ್ಬಿಸಿ, ಫ್ರಿಜ್ಜಿನಲ್ಲಿ ಅವರ ಸೊಪ್ಪಿನ ಪಕ್ಕ ನನ್ನ ಮೊಸರಿಟ್ಟೆ. ಅವರು ಅದನ್ನೆತ್ತಿ ಕೆಳಗಿನ ಖಾನೆಯಲ್ಲಿ, ಇನ್ನೊಬ್ಬ ಬಾಡಿಗೆದಾರನಾದ ಲಾರಿ ಚಾಲಕನ ಮೀನಿನ ಪಕ್ಕ ಕೂರಿಸಿದರು.

“ಹಸುವಿಂದ ಬಂದಿದ್ದು ತಾನೆ? ನನಗೆ ಎರಡೂ ಒಂದೇ ಕಣಪ್ಪ” ಎಂದರು.

ಚಾಲಕ ಮೀನನ್ನು ಸರಿಸಿ, “ಬನ್ನಿ ಸ್ವಾಮಿ, ನಮ್ಮ ಪಂಕ್ತಿಗೆ” ಎಂದ.

ಮೊಸರಿಲ್ಲದಿದ್ದರೆ ನನ್ನ ಹೊಟ್ಟೆ ಕೆಡುತ್ತದೆ. ಆ ಖಾನೆಗೇ ಒಪ್ಪಿದೆ. ಆರೋಗ್ಯವಾಗಿದ್ದೇನೆ.

ನಿಮ್ಮ ಮೊಟ್ಟೆ ಬಾಣಲೆಯನ್ನು ಹಿತ್ತಿಲಿಗೆ ಹಾಕಿಸಿದವನು ನಾನೇ. ಈ ಕಾರ್ಡ್ ತಲುಪಿದ ದಿನವೇ ಅದನ್ನು ಅಡುಗೆಮನೆಗೆ ತನ್ನಿ. ಅಕ್ಕ ಗೊಣಗಿದರೆ ಇದನ್ನು ಓದಿ ಹೇಳಿ, ಮೀನಿನ ಮಾತೊಂದನ್ನು ಬಿಟ್ಟು.

ಜಾಗ ಮುಗಿಯಿತು.
ನಿಮ್ಮ ಭಾಮೈದ