ಬೀಗದ ಕೈ ಇಟ್ಟ ತಟ್ಟೆ

ಜನವರಿ 20, ಸೋಮವಾರ. ಬೆಳಗ್ಗೆ 6

ಮೇಲಿನ ರೂಮು. ಪೂರ್ವದ ಕಿಟಕಿ. ಕಾಫಿ, ಒಂದು ಕವಿತೆ, ಆಮೇಲೆ ಲೋಕ. ಇಷ್ಟು ವರ್ಷದ ಪದ್ಧತಿ. ಇವತ್ತು ಕವಿತೆಯ ಜಾಗದಲ್ಲಿ ಮೇಘನ ಕಳಿಸಿದ ಎಕ್ಸೆಲ್ ಶೀಟು. ಧಾರವಾಡದಲ್ಲಿ ಕೃಷಿ ಓದುವ ಮಗಳು ಅಪ್ಪ ಅಮ್ಮನ ಡೈವೋರ್ಸಿಗೆ ಬಣ್ಣದ ಕಾಲಂ ಹಾಕಿದ್ದಾಳೆ. ನನ್ನದು ತಿಳಿ ನೇರಳೆ. ಅವನದು ಬೂದು. ಕೊನೆಯಲ್ಲಿ ಕೆಂಪು ಅಕ್ಷರದಲ್ಲಿ ಒಂದು ಸೂಚನೆ: ಇಬ್ಬರೂ ಜಗಳವಾಡದೆ ತುಂಬುವುದು.

ಜಗಳ ಎಲ್ಲಿದೆ? ಮೂರ್ತಿಗೂ ನನಗೂ ಅದು ಮುಗಿದೇ ಬಹಳ ಕಾಲವಾಯಿತು. ಒಂದು ವರ್ಷದಿಂದ ಅವನು ನರಸಾಪುರದಲ್ಲಿ, ಕಂಪನಿಯ ಹತ್ತಿರ, ಸ್ನೇಹಿತನ ರೂಮಿನಲ್ಲಿ. ನಾನು ಮಾಲೂರಿನಲ್ಲಿ, ಅವನ ಅಮ್ಮನ ಜೊತೆ. ಹಂಚಿಕೊಳ್ಳಬೇಕಾದದ್ದು ಎರಡೇ: ಸಾಲ ಮಾಡಿ ಕಟ್ಟಿಸಿದ ಈ ಮನೆ, ಟೇಕಲ್‌ನಲ್ಲಿ ಜಂಟಿಯಾಗಿ ಕೊಂಡ ಹಿಪ್ಪುನೇರಳೆ ತೋಟ.

ನನಗೆ ಮನೆ ಬೇಕು. ಮನೆ ಅಂದರೆ ಈ ರೂಮು. ರೂಮು ಅಂದರೆ ಈ ಕಿಟಕಿ. ಯಾವ ಕಾಲಂನಲ್ಲಿ ಬರೆಯುವುದು?

ಜನವರಿ 24, ಶುಕ್ರವಾರ

ಲಾಯರ್ ಶ್ಯಾಮಲಮ್ಮನವರ ಆಫೀಸು ಜೆರಾಕ್ಸ್ ಅಂಗಡಿಯ ಮೇಲೆ. ಕಿಟಕಿಯ ವಿಷಯ ಹೇಳಿದೆ. ಬೆಳಕು ಮೊದಲು ಗೋಡೆಗೆ, ಆಮೇಲೆ ಪುಸ್ತಕಕ್ಕೆ ಬೀಳುವುದನ್ನೂ ಹೇಳಿದೆ. ಅವರು ಪೆನ್ನಿನ ಕ್ಯಾಪ್ ಮುಚ್ಚಿದರು.

"ಬೆಳಕಿಗೆ ಖಾತೆ ಇರಲ್ಲ ಮೇಡಂ. ಲೋನ್ ಎಷ್ಟು ಬಾಕಿ ಅದೆ, ಅದ್ ಹೇಳಿ."

ಹೇಳಿದೆ. ಮನೆ ತೆಗೆದುಕೊಂಡವರೇ ಲೋನನ್ನೂ ಹೊರಬೇಕಂತೆ. ನನ್ನದು ಗೆಸ್ಟ್ ಲೆಕ್ಚರರ್ ಸಂಬಳ, ಅದೂ ರಜೆಯಲ್ಲಿ ಇಲ್ಲ. ಹೇಗೆ ಕಟ್ಟುತ್ತೀರಿ ಎಂದರು. ಯೋಚಿಸುತ್ತಿದ್ದೇನೆ ಎಂದೆ.

"ಯೋಚನೆ ನಿಮ್ಮತ್ರ ಬೇಕಾದಷ್ಟಿದೆ. ಬ್ಯಾಂಕ್‌ನೋರು ಅದನ್ನ ತಗೊಳಲ್ಲ."

ಯಾರಿಗೆ ಯಾವುದು ಅಂತ ಮನೆಯಲ್ಲೇ ತೀರ್ಮಾನಿಸಿಕೊಂಡು ಬಂದರೆ ಕೋರ್ಟಿಗೆ ಬರೆದುಕೊಡುತ್ತಾರಂತೆ.

ಫೆಬ್ರವರಿ 2, ಭಾನುವಾರ

ತೀರ್ಮಾನ ಮಾಡಿಸಲು ಮೂರ್ತಿಯ ದೊಡ್ಡಪ್ಪ ಕೋದಂಡರಾಮಪ್ಪ ಮುಳಬಾಗಿಲಿನಿಂದ ಬಂದರು. ಎಕ್ಸೆಲ್ ತೋರಿಸಿದೆ. ಮೊಬೈಲನ್ನು ದೂರ ಹಿಡಿದು ನೋಡಿ, ಬಣ್ಣ ಚೆನ್ನಾಗಿದೆ ಎಂದು ವಾಪಸ್ ಕೊಟ್ಟರು.

"ನಮ್ಮನೇಲಿ ಭಾಗ ಅಂದ್ರೆ ಎರಡು ತಟ್ಟೆ. ದೊಡ್ಡೋರು ಇಡ್ತಾರೆ, ಚಿಕ್ಕೋರು ಎತ್ಕೊಳ್ತಾರೆ. ಇಟ್ಟೋರು ಆಮೇಲೆ ಬಾಯಿ ಬಿಡಂಗಿಲ್ಲ."

ಅಣ್ಣತಮ್ಮಂದಿರಿಗೆ ಮಾಡುವ ಕ್ರಮ. ಗಂಡ ಹೆಂಡತಿಗೆ ಯಾರೂ ಮಾಡಿಲ್ಲವಂತೆ. ಮೂರ್ತಿ ನನಗಿಂತ ದೊಡ್ಡವನು. ಅಂದರೆ ಇಡುವುದು ಅವನು, ಎತ್ತುವುದು ನಾನು. ಅವನು ತಕ್ಷಣ ಒಪ್ಪಿಬಿಟ್ಟ. ತರಕಾರಿ ಅಂಗಡಿಯಲ್ಲೂ ಯಾವುದಕ್ಕೂ ತಕ್ಷಣ ಒಪ್ಪಿದವನಲ್ಲ... ಭಯವಾಗುತ್ತಿದೆ.

ಫೆಬ್ರವರಿ 9, ಭಾನುವಾರ. ಮಧ್ಯಾಹ್ನ

ಆಯಿತು.

ವರಾಂಡದಲ್ಲಿ ಎರಡು ಸ್ಟೀಲ್ ತಟ್ಟೆ. ಎರಡರಲ್ಲೂ ವೀಳ್ಯದೆಲೆ. ಒಂದರಲ್ಲಿ ಮನೆಯ ಬೀಗದ ಕೈ, ಇನ್ನೊಂದರಲ್ಲಿ ತೋಟದ ಹಿಡಿ ಮಣ್ಣು. ಇಷ್ಟೇ ಅಂದುಕೊಂಡು ಕೈ ಚಾಚಿದೆ. ಮೂರ್ತಿ ತಡೆದ. ಒಳಗೆ ಹೋಗಿ ಅವನಮ್ಮ ಭಾರತಮ್ಮನ ಎಲೆಅಡಿಕೆ ಚೀಲ ತಂದು ಬೀಗದ ಕೈ ಪಕ್ಕ ಇಟ್ಟ.

"ಅಮ್ಮ ಮನೆ ಜೊತೆ," ಅಂದ.

ಅವನ ಲೆಕ್ಕ ಅರ್ಥವಾಯಿತು. ಅತ್ತೆಗೂ ನನಗೂ ಸಾರಿನ ಉಪ್ಪಿನ ಬಗ್ಗೆ ಇವತ್ತಿಗೂ ಒಮ್ಮತವಿಲ್ಲ. ಚೀಲ ಕಂಡರೆ ನಾನು ತೋಟಕ್ಕೆ ಓಡುತ್ತೇನೆ. ಮನೆ ಅವನಿಗೆ. ಮಾಲೂರಿನಲ್ಲಿ ಈಗ ಮನೆ ಬೆಲೆ ಹೇಗೆ ಏರಿದೆ ಎಂದು ಕೇಳಿದವರಿಗೂ ಕೇಳದವರಿಗೂ ಹೇಳುತ್ತಿದ್ದದ್ದು ಇದಕ್ಕೇ.

ಅತ್ತೆ ಕಂಬಕ್ಕೆ ಒರಗಿ ಕೂತಿದ್ದರು. ಸಿಟ್ಟು ಬಂದರೆ ಅವರಿಗೆ ತೆಲುಗೇ ಬರುವುದು. "ಏಮಿರಾ, ನೇನು ಸಾಮಾನಾ?" ತಾನೇನು ಪಾತ್ರೆ ಪಡಗವೇ ಎಂದು. ಮನುಷ್ಯರನ್ನು ತಟ್ಟೆಗೆ ಹಾಕುವ ಕ್ರಮ ಇಲ್ಲ ಎಂದು ದೊಡ್ಡಪ್ಪನೂ ಗೊಣಗಿದರು. ಮೂರ್ತಿ ಹಿಡಿದ ಹಟ ಬಿಡಲಿಲ್ಲ.

ಚೀಲ ನೋಡಿದೆ. ಕಿಟಕಿ ನೆನೆದೆ. ಅತ್ತೆ ನನ್ನ ಕಡೆ ನೋಡುತ್ತಿರಲಿಲ್ಲ. ಮೊದಲೇ ಚೀಲದಿಂದ ತೆಗೆದಿಟ್ಟುಕೊಂಡಿದ್ದ ಎಲೆಗೆ ಸುಣ್ಣ ಹಚ್ಚುತ್ತಿದ್ದರು. ಸುಣ್ಣ ಎಲೆಗಿಂತ ಹೆಚ್ಚಾಗಿ ಬೆರಳಿಗೇ ಹತ್ತುತ್ತಿತ್ತು.

ಬೀಗದ ಕೈ ಇದ್ದ ತಟ್ಟೆಯನ್ನು ಎರಡೂ ಕೈಯಲ್ಲಿ ಎತ್ತಿಕೊಂಡೆ.

ಮೂರ್ತಿಯ ಮುಖ ಬಿಳಿಚಿತು. "ಯೋಚ್ನೆ ಮಾಡಿ ಎತ್ಕೊಂಡ್ಯಾ?"

"ಯೋಚ್ನೆ ನೀನ್ ಮಾಡ್ಬೇಕಿತ್ತು ಕಣೋ," ಅಂದರು ಅತ್ತೆ. ನನ್ನ ತಟ್ಟೆಯಿಂದ ತಮ್ಮ ಚೀಲ ತೆಗೆದು ಸೊಂಟಕ್ಕೆ ಸಿಕ್ಕಿಸಿಕೊಂಡು, ಅನ್ನಕ್ಕಿಡಲು ಒಳಗೆ ಹೋದರು.

ಮಾರ್ಚ್ 3, ಸೋಮವಾರ

ಇಎಂಐ. ಬ್ಯಾಂಕಿನ ಮೆಸೇಜು ಬೆಳಗಿನ ಕವಿತೆಗಿಂತ ಮೊದಲೇ ಬರುತ್ತದೆ. ಪ್ರಾಸವೂ ಇಲ್ಲ. ಯುಗಾದಿಯೊಳಗೆ ಕೆಳಗಿನ ಮುಂಭಾಗದ ಪೋರ್ಷನ್ ಬಾಡಿಗೆಗೆ ಹೋಗದಿದ್ದರೆ ಮನೆ ಮಾರುವುದೊಂದೇ ದಾರಿ ಎಂದಿದ್ದಾರೆ ಶ್ಯಾಮಲಮ್ಮ. ಗೇಟಿಗೆ ಟು-ಲೆಟ್ ಬೋರ್ಡು ಹಾಕಿದೆ.

ಮಾರ್ಚ್ 16, ಭಾನುವಾರ

ಬಂದವರೆಲ್ಲ ಕಂಪನಿ ಹುಡುಗರು. ಸಂದರ್ಶನ ಅತ್ತೆಯದು. ಒಬ್ಬನಿಗೆ ನೈಟ್ ಶಿಫ್ಟು, ಹಗಲು ಮಲಗುವವನ ಮನೆ ಮುಂದೆ ರಂಗೋಲಿ ಹಾಕುವುದು ಹೇಗೆ? ಬೇಡ. ಒಬ್ಬ ನಂಗಲಿಯವನು, ಲಾರಿ ವ್ಯಾಪಾರದ ಮನೆತನ, ಬಾಡಿಗೆಯಲ್ಲೂ ಚೌಕಾಸಿ ಮಾಡುತ್ತಾನೆ. ಬೇಡ. ಒಬ್ಬ ತುಂಬ ನಯವಾಗಿ ಮಾತಾಡಿದ. ಅದಕ್ಕೇ ಬೇಡ. ಉಳಿದವರಿಗೆ ಮೇಲಿನ ರೂಮೇ ಬೇಕು, ಮೆಟ್ಟಿಲು ಹೊರಗಿದೆಯಲ್ಲ. ಅದು ಕೊಡುವುದಿಲ್ಲ ಎಂದು ನಾನೇ ಹೇಳುವ ಮೊದಲು ಅತ್ತೆ ಹೇಳಿದರು: "ಅಲ್ಲಿ ಓದೋರಿದ್ದಾರೆ."

ಖುಷಿಯಾಯಿತು. ಆದರೆ ಖುಷಿಯನ್ನೂ ಬ್ಯಾಂಕು ತೆಗೆದುಕೊಳ್ಳುವುದಿಲ್ಲ.

ಮಾರ್ಚ್ 23, ಭಾನುವಾರ. ಸಂಜೆ 5

ಫೋನು. "ಪೋರ್ಷನ್ ಖಾಲಿ ಇದ್ಯಾ?" ಮೂರ್ತಿ.

ಸ್ನೇಹಿತನ ಹೆಂಡತಿ ಊರಿನಿಂದ ಬರುತ್ತಾಳಂತೆ, ರೂಮು ಬಿಡಬೇಕು. ಒಂಟಿ ಗಂಡಸಿಗೆ, ಅದೂ ಐವತ್ತು ದಾಟಿದವನಿಗೆ ಎಲ್ಲೂ ಮನೆ ಕೊಡುತ್ತಿಲ್ಲ. ಹೆಂಡತಿ ಎಲ್ಲಿ ಎಂದು ಕೇಳುತ್ತಾರಂತೆ. ನಮ್ಮ ಗೇಟಿನಿಂದ ನಾಲ್ಕು ಮನೆ ಆಚೆಗೇ ಕಂಪನಿ ಬಸ್ಸು ನಿಲ್ಲುತ್ತದೆ.

ಬಾಡಿಗೆ ಹೇಳಿದೆ. ಜಾಸ್ತಿ ಅಂದ. ಮಾಲೂರಿನ ರೇಟು ಕೇಳಿದವರಿಗೆಲ್ಲ ನೀನೇ ಹೇಳಿದ್ದಲ್ಲವೇ ಎಂದೆ. ಹತ್ತು ತಿಂಗಳ ಅಡ್ವಾನ್ಸೂ ಕೇಳಿದೆ. ಐದು ತಿಂಗಳದು ಸಾಕಲ್ಲ ಅಂದ.

ಹಿಂದಿನಿಂದ ಅತ್ತೆ: "ಚೌಕಾಸಿ ಮಾಡಿದ್ರೆ ನಂಗಲಿಯೋನಿಗೇ ಕೊಡ್ತೀವಿ ಅನ್ನು."

ಶ್ಯಾಮಲಮ್ಮನವರಿಗೆ ಫೋನ್ ಮಾಡಿ ಇದು ನಡೆಯುತ್ತದೆಯೇ ಎಂದು ಕೇಳಿದೆ. ತುಂಬ ಹೊತ್ತು ನಕ್ಕರು. ಅಗ್ರಿಮೆಂಟು ಗಟ್ಟಿಯಾಗಿ ಬರೆಯೋಣ, ಅಡುಗೆಮನೆ ಬೇರೆ, ಬಾಗಿಲು ಬೇರೆ ಎಂದರು.

ಸಂಜೆ 7

ಮೂರ್ತಿ ಮತ್ತೆ ಫೋನ್ ಮಾಡಿದ. ಅಡ್ವಾನ್ಸಿಗೆ ಒಪ್ಪಿದ. ಯುಗಾದಿಗೆ ಮೊದಲು ಹಣ ಬರುತ್ತದೆ. ಮನೆ ಉಳಿಯಿತು.

ನಾಳೆ ಮನೆ ನೋಡಲು ಬರುತ್ತಾನಂತೆ. ನೀನೇ ಕಟ್ಟಿಸಿದ್ದು, ನೋಡುವುದೇನಿದೆ ಎಂದೆ. ಬೆಲ್ ಒತ್ತಿ, ಬಾಗಿಲಲ್ಲಿ ನಿಂತು, ಒಳಗೆ ಬರಬಹುದಾ ಎಂದು ಯಾವತ್ತೂ ಕೇಳಿಲ್ಲ, ಒಂದು ಸಲ ಕೇಳಿ ನೋಡಬೇಕು ಅಂದ.

ಇಷ್ಟು ವರ್ಷದಲ್ಲಿ ಅವನ ಬಾಯಿಂದ ಬಂದ ಮೊದಲನೇ ಕವಿತೆಯ ಸಾಲು. ಅದನ್ನು ಅವನಿಗೆ ಹೇಳಬೇಕೋ, ಅಥವಾ ಬಾಡಿಗೆ ಐನೂರು ಏರಿಸಿಬಿಡಬೇಕೋ, ನಾಳೆ ಬೆಳಗ್ಗೆ ಕಾಫಿ ಹೊತ್ತಿಗೆ ತೀರ್ಮಾನ.