ಧಾರೆ ಕಾಯಿಗೆ ಯಾವ ಮಾರ್ಕರ್

ಸೋಲದೇವನಹಳ್ಳಿ
ಗುರುವಾರ, 27 ನವೆಂಬರ್ 2025

ಕೊಡಿಗೇಹಳ್ಳಿಯ ನಾಗಲಕ್ಷ್ಮಕ್ಕನವರಿಗೆ, ಒಂದು ಕಾಲದಲ್ಲಿ ನಿಮ್ಮ ಮಹಡಿ ಮನೆಯಲ್ಲಿ ಬಾಡಿಗೆಗಿದ್ದ ಭಾಗ್ಯಶ್ರೀ ಮಾಡುವ ನಮಸ್ಕಾರ.

ನಾವು ಕ್ಷೇಮ. ನಿಮ್ಮ ಕ್ಷೇಮ ಕೇಳಬೇಕಾಗಿಲ್ಲ. ಅಂಗಳದಲ್ಲಿ ಚಪ್ಪರ, ಮನೆ ತುಂಬ ನೆಂಟರು, ಒಬ್ಬಳೇ ಮಗಳ ಮದುವೆ, ಚೆನ್ನಾಗಿಯೇ ಇರುತ್ತೀರಿ. ಈ ಪತ್ರ ಭಾನುವಾರ ಲಿಖಿತಾಳ ಧಾರೆ ಮುಗಿದ ಮೇಲೆಯೇ ನಿಮ್ಮ ಕೈ ಸೇರಬೇಕೆಂದು ಏರ್ಪಾಡು ಮಾಡಿದ್ದೇನೆ. ಅದಕ್ಕೆ ಮೊದಲು ಸಿಕ್ಕರೆ ನಾನು ಇಷ್ಟು ಬರೆದದ್ದೂ ದಂಡ.

ಹತ್ತು ದಿನದ ಹಿಂದೆ ನೀವು ಫೋನ್ ಮಾಡಿದಿರಿ. ಎರಡು ವರ್ಷದ ಮೇಲೆ ನಿಮ್ಮ ಹೆಸರು ನನ್ನ ಫೋನಿನಲ್ಲಿ ಬೆಳಗಿತು. ನಾನು ಒಗ್ಗರಣೆಗೆ ಇಟ್ಟಿದ್ದ ಎಣ್ಣೆ ಸೀದುಹೋಯಿತು, ಅದು ನನಗೆ ನೆನಪಿದೆ. ನೀವು ಮಾತ್ರ ನಿನ್ನೆ ಸಂಜೆ ಬಿಟ್ಟ ಮಾತನ್ನು ಇವತ್ತು ಮುಂದುವರಿಸುವವರ ಹಾಗೆ ಶುರು ಮಾಡಿದಿರಿ. “ಏನ್ ಸಮಾಚಾರ ಭಾಗ್ಯ, ನಮ್ಮನ್ನೆಲ್ಲ ಮರ್ತೇಬಿಟ್ಯಾ. ಆ ಎರಡು ಕಡೆ ತುದಿ ಇರೋ ಬ್ರಷ್ ಮಾರ್ಕರ್ ಇದೆಯಲ್ಲ, ಕಡಿಮೆ ರೇಟಲ್ಲಿ ಒಳ್ಳೇದು ಯಾವ್ದು ಹೇಳೆ. ಆನ್‌ಲೈನಲ್ಲಿ ನೂರೆಂಟು ತೋರಿಸ್ತಾನೆ, ತಲೆ ಕೆಟ್ಟೋಯ್ತು. ಲಿಖಿತಾ ಧಾರೆ ಕಾಯಿ ನಾನೇ ಬರೀಬೇಕು ಕಣೆ. ಹಾಲು ಬಿದ್ರೆ ಬಣ್ಣ ಹೋಗ್ಬಾರ್ದು. ನೀನು ಸುಳ್ಳು ಹೇಳೋಳಲ್ಲ ಅಂತ ನಂಗೊತ್ತು.”

ಆ ಕೊನೆಯ ಮಾತನ್ನು ನೀವು ಆಡಬಾರದಿತ್ತು. ನಾನು ಸುಳ್ಳು ಹೇಳುವವಳಲ್ಲ ಎಂದು ನಿಮಗೆ ಗೊತ್ತಿತ್ತು. ಗೊತ್ತಿದ್ದೂ ಇಡೀ ಕೊಡಿಗೇಹಳ್ಳಿಗೆ ಬೇರೆಯದನ್ನೇ ಹೇಳಿಕೊಂಡು ಬಂದಿರಿ. ಅಲ್ಲಿಯವರೆಗೂ ನನ್ನ ಮನಸ್ಸಿನಲ್ಲಿ ಕೆಟ್ಟದ್ದೇನೂ ಇರಲಿಲ್ಲ. ಆ ಮಾತು ಕೇಳಿದ ಕೂಡಲೇ ಬಂತು.

ಬಿಳಿ ಮೈಯ ನಲವತ್ತೆಂಟರ ಸೆಟ್ ತರಿಸಿಕೊಳ್ಳಿ, ಅದೇ ಎಲ್ಲಕ್ಕಿಂತ ಅಗ್ಗ ಎಂದೆ. ಅಷ್ಟಕ್ಕೇ ನಿಲ್ಲಿಸಲಿಲ್ಲ. “ಬಣ್ಣ ಹೋಗಂಗಿಲ್ರಿ ಅಕ್ಕಾ. ಆದ್ರ ಗಟ್ಟಿ ಆಗಾಕ ಒಂದು ವಾರ ಬೇಕ್ರಿ, ಅಲ್ಲೀತನಕ ಒದ್ದಿ ಕೈ ಹಚ್ಚಬ್ಯಾಡ್ರಿ” ಎಂದೆ. ನೀವು ಪರೀಕ್ಷೆ ಮಾಡಿ ನೋಡಬಾರದೆಂದೇ ಆ ವಾರದ ಲೆಕ್ಕ ಹೇಳಿದ್ದು.

ಈಗ ನಿಜ ಬರೆಯುತ್ತೇನೆ, ಮುಂದೆ ಉಪಯೋಗಕ್ಕೆ ಬರಲಿ. ಒಂದು ಕಡೆ ಬ್ರಷ್, ಒಂದು ಕಡೆ ಸಣ್ಣ ತುದಿ ಇರುವ ಈ ಅಗ್ಗದ ಸೆಟ್ಟುಗಳಲ್ಲಿ ಹೆಚ್ಚಿನವು ನೀರಿನ ಇಂಕಿನವು. ಮಕ್ಕಳ ಬಣ್ಣದ ಪುಸ್ತಕಕ್ಕೆ ಅದೇ ಸರಿ. ಹಾಳೆಯ ಹಿಂದೆ ಇಳಿಯುವುದಿಲ್ಲ, ಅಂಗಿಗೆ ಹತ್ತಿದರೆ ಒಗೆದಾಗ ಹೋಗುತ್ತದೆ. ಕಾಯಿಗೆ, ಮರಕ್ಕೆ, ಹಣತೆಗೆ ಬೇಕಾದದ್ದು ಸ್ಪಿರಿಟ್ ಇಂಕಿನದು. ಮುಚ್ಚಳ ತೆಗೆದರೆ ಮೂಗಿಗೆ ಆಸ್ಪತ್ರೆಯ ವಾಸನೆ ಬರುತ್ತದೆ. ಅಗ್ಗದ್ದರಲ್ಲೂ ಒಳ್ಳೆಯದು ಸಿಗುತ್ತದೆ, ಆದರೆ ಎಷ್ಟು ಬಣ್ಣ ಇದೆ ಎಂದು ನೋಡಿ ಬಾಯಿ ಬಿಡಬಾರದು. ಹನ್ನೆರಡಿದ್ದರೆ ಸಾಕು. ಬ್ರಷ್ ತುದಿಯನ್ನು ಹಾಳೆಗೆ ಒತ್ತಿ ಬಿಡಿ. ತಿರುಗಿ ನೆಟ್ಟಗಾದರೆ ತೆಗೆದುಕೊಳ್ಳಿ, ನಾರು ಬಿಚ್ಚಿಕೊಂಡರೆ ಅಂಗಡಿಯಲ್ಲೇ ಬಿಡಿ. ಮನೆಯಲ್ಲಿ ಮಲಗಿಸಿಯೇ ಇಡಬೇಕು. ನೀವು ಲೋಟದಲ್ಲಿ ನಿಲ್ಲಿಸಿ ಇಡುತ್ತಿದ್ದಿರಿ, ಇಂಕೆಲ್ಲ ಒಂದೇ ತುದಿಗೆ ಇಳಿದು ಇನ್ನೊಂದು ಒಣಗುತ್ತಿತ್ತು. ಕೊನೆಗೆ ಒಂದು ಗೆರೆ ಎಳೆದು, ಹತ್ತು ನಿಮಿಷ ಬಿಟ್ಟು, ಒದ್ದೆ ಬೆರಳಿನಿಂದ ಉಜ್ಜಿ ನೋಡಬೇಕು. ವಾರವೂ ಬೇಡ, ಮುಹೂರ್ತವೂ ಬೇಡ.

ಇದನ್ನೆಲ್ಲ ನಾನು ನಿಮ್ಮಿಂದಲೇ ಕಲಿತೆ, ಒಂದು ರೀತಿಯಲ್ಲಿ. ನಮ್ಮ ಗದಗಿನ ಕಡೆ ಅಕ್ಷತೆ ಹಾಕಿದರೆ ಮದುವೆ ಮುಗಿಯಿತು. ಗಂಡು ಹೆಣ್ಣಿನ ಕೈಯಲ್ಲಿ ತೆಂಗಿನಕಾಯಿ ಇಟ್ಟು, ಬಂದವರೆಲ್ಲ ಸಾಲಾಗಿ ಅದರ ಮೇಲೆ ಹಾಲು ಎರೆಯುವ ಶಾಸ್ತ್ರವನ್ನು ನಾನು ನೋಡಿದ್ದೇ ನಿಮ್ಮ ಮನೆಯ ಮದುವೆಗಳಲ್ಲಿ. ಆ ಕಾಯಿ ಬರಿದಾಗಿದೆಯಲ್ಲ ಎನಿಸಿ, ನಾರು ತೆಗೆದು, ಉಪ್ಪು ಕಾಗದದಿಂದ ಉಜ್ಜಿ, ಹಳದಿ ಬಳಿದು, ಜೋಡಿ ನವಿಲು ಬರೆದೆ. ಅಂಚಿಗೆ ನಮ್ಮವ್ವ ಸೀರೆಗೆ ಹಾಕುತ್ತಿದ್ದ ಕಸೂತಿಯ ಗೋಪುರ. ನೀವು ಗಿರಾಕಿಗಳನ್ನು ತಂದಿರಿ, ಅದನ್ನು ನಾನು ಇಲ್ಲವೆನ್ನುವುದಿಲ್ಲ. ಹಾಗೆಯೇ ಕಾಯಿಯ ಕೆಳಗೆ ನಾನು ಸಣ್ಣದಾಗಿ ಬರೆಯುತ್ತಿದ್ದ ನನ್ನ ಹೆಸರನ್ನು ಉಗುರಿನಿಂದ ಕೆರೆದು ನಿಮ್ಮ ಹೆಸರಿನ ಸ್ಟಿಕರ್ ಅಂಟಿಸಿದವರೂ ನೀವೇ. ಒಂದು ದಿನ ನೋಡಿಬಿಟ್ಟೆ. “ಊರಲ್ಲಿ ನನ್ನ ಹೆಸ್ರು ಗೊತ್ತು ಕಣೆ, ನಿನ್ನ ಹೆಸ್ರು ಯಾರಿಗೆ ಗೊತ್ತು” ಎಂದು ನಕ್ಕಿರಿ. ನಾನೂ ನಕ್ಕೆ. ಬಾಡಿಗೆ ಮನೆಯಲ್ಲಿದ್ದವರು ಮಾಲೀಕರ ಜೊತೆ ನಗಬೇಕಾಗುತ್ತದೆ.

ಆಮೇಲೆ ಬಂತು ಹೆಬ್ಬಾಳದ ಮದುವೆ, ನಿಮ್ಮ ದೊಡ್ಡಪ್ಪ ಮುನಿಗಂಗಪ್ಪನವರ ಮೊಮ್ಮಗಳದು. ನಾನು ಬರೆದುಕೊಟ್ಟ ಕಾಯಿ ಮಂಕಾಗಿದೆ ಎಂದು ನಿಮಗೆ ಅನಿಸಿತು. ನನ್ನನ್ನು ಕೇಳದೆ ಮದುವೆಯ ಬೆಳಿಗ್ಗೆ ಯಾವುದೋ ಮಾರ್ಕರ್ ಹಿಡಿದು ನವಿಲಿನ ಗರಿಗೆಲ್ಲ ಹೊಳೆಯುವ ನೀಲಿ ತುಂಬಿದಿರಿ. ಆ ಮಾರ್ಕರ್ ಯಾರದೆಂದು ನನಗೆ ಈಗ ಗೊತ್ತಾಗಿದೆ, ಕೊನೆಯಲ್ಲಿ ಬರೆಯುತ್ತೇನೆ. ನಾಲ್ಕನೆಯವರು ಹಾಲು ಎರೆಯುವ ಹೊತ್ತಿಗೆ ನೀಲಿ ಇಳಿಯಿತು. ಆ ಹುಡುಗಿಯ ಕೈ ನೀಲಿ, ಬಿಳಿಯ ಧಾರೆ ಸೀರೆಯ ಮಡಿಲೆಲ್ಲ ನೀಲಿ. ಅಪಶಕುನ ಎಂದು ಯಾರೋ ಅತ್ತರು. ಮುನಿಗಂಗಪ್ಪನವರು ಮುಂದಿನ ಕುರ್ಚಿಯಿಂದ ಎದ್ದು “ಯಾರವ್ವಾ ಇಂಗೆ ಬರ್ದೋರು” ಎಂದು ಕೇಳಿದರು. ನಿಮ್ಮ ಸ್ಟಿಕರ್ ಹಾಲಿನಲ್ಲಿ ಎಲ್ಲಿಗೆ ಹೋಯಿತೋ. ನೀವು ತಡಮಾಡದೆ ನನ್ನ ಕಡೆ ಕೈ ತೋರಿಸಿದಿರಿ. “ನಮ್ಮ ಮಹಡಿ ಮನೆ ಭಾಗ್ಯ. ಆ ಕಡೆಯೋರು, ನಮ್ಮ ಶಾಸ್ತ್ರ ಅವ್ರಿಗೇನು ಗೊತ್ತು” ಎಂದಿರಿ. ಆ ನೀಲಿ ನನ್ನದಲ್ಲ ಎಂದದ್ದಕ್ಕೆ ನಾನೇ ಸುಳ್ಳಿ ಎಂದು ಊರಿಗೆಲ್ಲ ಹೇಳಿದಿರಿ.

ಹೊಗಳಿಕೆಗೆ ನಿಮ್ಮ ಹೆಸರು, ಬೈಗುಳಕ್ಕೆ ನನ್ನ ಹೆಸರು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದರು ಅನ್ನುತ್ತಾರಲ್ಲ, ಹಾಗಾಯಿತು. ಆ ತಿಂಗಳು ಸಹಕಾರನಗರದಿಂದ ಬರಬೇಕಿದ್ದ ಆರು ಕಾಯಿಗಳ ಕೆಲಸ ನಿಂತಿತು. ಮಾರನೆಯ ತಿಂಗಳು ನೀವು ಮನೆ ಖಾಲಿ ಮಾಡಿ ಎಂದಿರಿ. ನನ್ನ ಯಜಮಾನರು ಕಾಶಿನಾಥ ಸಾಮಾನು ಕಟ್ಟಿದರು. ಅವರು ಕೆಲಸ ಮಾಡುವ ಕಾಲೇಜಿನ ಹತ್ತಿರವೇ ಇಲ್ಲಿ ಎರಡು ಕೋಣೆ ಸಿಕ್ಕಿತು. ಈಗ ಮಕ್ಕಳಿಗೆ ಬಣ್ಣ ಹಚ್ಚುವುದನ್ನು ಕಲಿಸುತ್ತೇನೆ. ಧಾರೆ ಕಾಯಿ ಬರೆಯಲು ಈ ಎರಡು ವರ್ಷದಲ್ಲಿ ನನ್ನನ್ನು ಯಾರೂ ಕರೆದಿಲ್ಲ. ನನ್ನ ನವಿಲನ್ನು, ನನ್ನ ಗೋಪುರವನ್ನು ಗೆರೆಗೆ ಗೆರೆ ನೋಡಿ, ಹಾಲು ಬೀಳದ ತಾಂಬೂಲದ ಕಾಯಿಗಳ ಮೇಲೆ ಬರೆದು ನೀವು ಮಾರುತ್ತಿದ್ದೀರಿ ಎಂದು ಮಾತ್ರ ಕೇಳಿದ್ದೇನೆ.

ಆದ್ದರಿಂದ ಫೋನ್ ಇಟ್ಟ ಮೇಲೆ ನನಗೆ ಸಂತೋಷವಾಯಿತು. ಮುಚ್ಚಿಟ್ಟುಕೊಂಡು ಏನಾಗಬೇಕು. ಚಹಾ ಮಾಡಿಕೊಂಡು ಕುಳಿತು ಎಲ್ಲವನ್ನೂ ಕಣ್ಣ ಮುಂದೆ ತಂದುಕೊಂಡೆ. ನಿಮ್ಮ ಯಜಮಾನರು ಚನ್ನಕೇಶವಣ್ಣ ಮಗಳ ಕೈ ಹಿಡಿದಿದ್ದಾರೆ, ಹೆತ್ತ ತಾಯಿಯಾಗಿ ನೀವು ಮೊದಲು ಎರೆಯುತ್ತಿದ್ದೀರಿ, ನೀಲಿ ಇಳಿಯುತ್ತಿದೆ, ಮುನಿಗಂಗಪ್ಪನವರು ಅದೇ ಮುಂದಿನ ಕುರ್ಚಿಯಿಂದ ಏಳುತ್ತಿದ್ದಾರೆ. ಈ ಸಲ ಕೈ ತೋರಿಸಲು ಮಹಡಿಯಲ್ಲಿ ಯಾರೂ ಇಲ್ಲ. ಮಾಡಿದ್ದುಣ್ಣೋ ಮಹರಾಯ ಎಂದು ಜೋರಾಗಿಯೇ ಹೇಳಿಕೊಂಡೆ. ಐದು ದಿನ ಇದೇ ಯೋಚನೆಯಲ್ಲಿ ಊಟ ರುಚಿಸಿತು.

ಆ ಚಿತ್ರದಲ್ಲಿ ಸೀರೆ ಉಟ್ಟವಳ ಮುಖವನ್ನು ಮಾತ್ರ ನಾನು ನೋಡುತ್ತಿರಲಿಲ್ಲ. ಅದು ಲಿಖಿತಾಳ ಮುಖ. ಹತ್ತು ವರ್ಷದ ಹಿಂದೆ, ನಾವು ನಿಮ್ಮ ಮಹಡಿಗೆ ಬಂದ ಹೊಸದರಲ್ಲಿ, ಶಾಲೆಯಿಂದ ಬಂದವಳೇ ಬ್ಯಾಗನ್ನು ಮೆಟ್ಟಿಲ ಮೇಲೆಸೆದು “ಆಂಟಿ, ನಾನು ಬರೀ ಗರಿ ತುಂಬ್ತೀನಿ” ಎಂದು ನನ್ನ ಪಕ್ಕ ಕೂರುತ್ತಿದ್ದ ಹುಡುಗಿ. ನನಗೆ ಮಕ್ಕಳಿಲ್ಲ, ಅದು ನಿಮಗೆ ಗೊತ್ತು, ಅದನ್ನೂ ನೀವು ಒಮ್ಮೆ ಆಡಿ ತೋರಿಸಿದ್ದೀರಿ. ಅವಳ ಮಡಿಲಿಗೆ ನೀಲಿ ಬಿದ್ದರೂ ನಿಮಗೆ ತಕ್ಕ ಶಾಸ್ತಿಯಾಗುತ್ತದೆ ಎಂದುಕೊಂಡೇ ಇದ್ದೆ. ನನ್ನ ದ್ವೇಷ ಅಷ್ಟು ದೊಡ್ಡದಾಗಿತ್ತು ಎಂಬುದನ್ನು ನೀವು ತಿಳಿದಿರಬೇಕು, ಅದಕ್ಕೇ ಬರೆದೆ.

ನಾನು ನಿಮ್ಮನ್ನು ಕ್ಷಮಿಸಿಲ್ಲ. ಉತ್ತರ ಬರೆಯಬೇಡಿ.

ಇಂತಿ,
ಭಾಗ್ಯಶ್ರೀ ಕಾಶಿನಾಥ

ಮತ್ತೆ ಒಂದು ಮಾತು: ಹೋದ ಶನಿವಾರ ಲಿಖಿತಾ ಲಗ್ನಪತ್ರಿಕೆ ಹಿಡಿದು ನಮ್ಮ ಮನೆಗೆ ಬಂದಿದ್ದಳು, ನಿಮಗೆ ಹೇಳದೆ. ಬಾಗಿಲಲ್ಲೇ ಅತ್ತಳು. “ಹೆಬ್ಬಾಳದ ಕಾಯಿಗೆ ಅಮ್ಮ ತಗೊಂಡಿದ್ದು ನನ್ನ ಪೌಚಲ್ಲಿದ್ದ ಮಾರ್ಕರ್ ಆಂಟಿ. ಅವತ್ತು ಗೊತ್ತಿದ್ದೂ ನಾನು ಬಾಯಿ ಬಿಡ್ಲಿಲ್ಲ. ನನ್ನ ಧಾರೆ ಕಾಯಿ ನೀವೇ ಬರ್ಕೊಡಿ” ಎಂದಳು. ಬರೆದುಕೊಟ್ಟೆ. ನಾಳೆ ಬಂದು ತೆಗೆದುಕೊಂಡು ಹೋಗುತ್ತಾಳೆ, ಈ ಪತ್ರವನ್ನು ನಿಮಗೆ ಕೊಟ್ಟವಳೂ ಅವಳೇ. ನೀವು ಬರೆದ ಕಾಯಿ ಛತ್ರದಲ್ಲಿ ಅವಳ ಕೋಣೆಯ ಕೈಚೀಲದಲ್ಲಿದೆ. ಒದ್ದೆ ಬೆರಳಿನಿಂದ ಉಜ್ಜಿ ನೋಡಿ. ಮಂಟಪದಲ್ಲಿ ಕಾಯಿ ಬದಲಾದದ್ದು ನಿಮಗೆ ತಿಳಿಯುವುದಿಲ್ಲ ಎಂದು ಅವಳಿಗೆ ಧೈರ್ಯ ಹೇಳಿದ್ದೆ, ಏಕೆಂದರೆ ನೀವು ಬರೆಯುವುದು ನನ್ನದನ್ನೇ. ಫೋಟೋದವರು ಧಾರೆ ಕಾಯಿಯನ್ನು ಹತ್ತಿರದಿಂದ ತೆಗೆಯದೆ ಬಿಡುವುದಿಲ್ಲ. ಆಲ್ಬಂ ಬಂದಾಗ ಅಂಚಿನ ಗೋಪುರದ ಸಾಲನ್ನು ಕನ್ನಡಕ ಹಾಕಿಕೊಂಡು ಓದಿ. ಮೊದಲ ಹಾಲನ್ನು ನೀವು ಎರೆದದ್ದು ನನ್ನ ಹೆಸರಿನ ಮೇಲೆ. ಈ ಸಲ ಅದು ಉಗುರಿಗೆ ಬರುವುದಿಲ್ಲ.