ಜವೆಯ ಪಾಕ, ಗಂಧದ ಕೊರಡು

ಫುನಾಬೊರಿ, ಟೋಕಿಯೊ
ಶಾರ್ವರಿ ಸಂವತ್ಸರದ ಪುಷ್ಯ ಶುದ್ಧ ಚೌತಿ, ಭಾನುವಾರ
೧೭-೧-೨೦೨೧

ಸೌಭಾಗ್ಯವತಿ ಲೀಲಾವತಿಗೆ,

ಅನೇಕ ಆಶೀರ್ವಾದಗಳು. ಮೈಸೂರಿನ ಚಳಿಗೆ ನಿನ್ನ ಮೊಣಕಾಲು ಹೇಗಿದೆ? ತಂಗಿಯ ಮನೆಯೆಂಬ ಸಂಕೋಚದಿಂದ ತೈಲ ಹಚ್ಚಿಕೊಳ್ಳುವುದನ್ನು ಬಿಡಬೇಡ. ಮೂರು ತಿಂಗಳಿಗೆಂದು ಬಂದ ನಾನು, ವಿಮಾನಗಳು ನಿಂತದ್ದರಿಂದ, ವರ್ಷವಾಗುತ್ತ ಬಂದರೂ ಇಲ್ಲಿಯೇ ಇದ್ದೇನೆ. ಸೊಸೆ ಯಾಮಿನಿಗೆ ಎಂಟು ತಿಂಗಳು ತುಂಬಿತು. ಈ ಮಹಾಮಾರಿ ಅವಳ ಬಳಿ ಸುಳಿಯದಿರಲೆಂಬುದೇ ನನ್ನ ನಿತ್ಯಸಂಕಲ್ಪ. ಪ್ರತಿದಿನದಂತೆ ಇಂದು ಬೆಳಿಗ್ಗೆಯೂ ಸ್ನಾನ ಮಾಡಿ ಬಂದು, ನನ್ನ ಕೈಯಿಂದಲೇ ತೀರ್ಥ ತೆಗೆದುಕೊಂಡಳು.

ಶಿನಾಗಾವಾದ ಕಚೇರಿಗೆ ಹೋಗುವಂತಿಲ್ಲವಾದ್ದರಿಂದ ನಿನ್ನ ಮಗನಿಗೊಂದು ಹೊಸ ವ್ಯಾಸಂಗ ಅಂಟಿದೆ. ಮೊಳಕೆ ಬಂದ ಜವೆಯ ಪಾಕವನ್ನು ಕುದಿಸಿ, ಹಾಪ್ಸ್ ಎಂಬ ಒಣಹೂ ಹಾಕಿ, ಅಮೆರಿಕದವರ ಕ್ರಮದಲ್ಲಿ ಏಲ್ ಎಂಬ ಹಗುರವಾದ ಬಿಯರು ಮಾಡುತ್ತಾನೆ. ಈ ದೇಶದ ಕಾನೂನಿನಂತೆ ಮದ್ಯಾಂಶ ನೂರಕ್ಕೆ ಒಂದು ಪಾಲಿನೊಳಗೇ ಇರುತ್ತದಂತೆ. "ಅಪ್ಪಾ, ಗಂಜಿ ಅನ್ಕೊಂಬಿಡಿ" ಎನ್ನುತ್ತಾನೆ. ಮಧುಕರನೆಂದು ಹೆಸರಿಟ್ಟವನು ನಾನೇ. ಮಧುವೆಂದರೆ ಜೇನೂ ಹೌದು, ಮದ್ಯವೂ ಹೌದೆಂಬುದನ್ನು ಅಂದು ಮರೆತದ್ದು ನನ್ನ ಪಾಂಡಿತ್ಯದ ದೋಷ. ಆ ಪಾತ್ರೆ ನನ್ನ ಮಡಿಗೆ ತಾಗದಂತೆ ಅಡುಗೆಮನೆಯಲ್ಲಿ ಗೆರೆ ಎಳೆಸಿದ್ದೇನೆ. ಪ್ರತಿ ಸಲವೂ ದುರ್ನಾತವೆಂದು ಮೂಗು ಮುಚ್ಚಿ ಗದರುತ್ತಿದ್ದೆ.

ಇಂದು ಪಾಕ ಉಕ್ಕಿ ಒಲೆಯ ತುಂಬ ಹರಿಯಿತು. ಮಧುಕರ ಓಡಿ ಬಂದು, "ಸಾರಿ ಅಪ್ಪಾ, ಮನೆಯೆಲ್ಲಾ ನಾತ" ಎಂದ. ನಾನು, "ನಾತವೆಲ್ಲಿದೆಯೋ? ಏನೂ ಇಲ್ಲವಲ್ಲ" ಎಂದೆ. ಅವನೂ ಯಾಮಿನಿಯೂ ನಕ್ಕರು. "ನೋಡಿದ್ಯಾ, ಅಪ್ಪ ಪಾಸ್ ಮಾಡ್ಬಿಟ್ರು!" ಎಂದು ಅವನು ಕುಣಿದ. "ಮಾವನೂ ಈಗ ಮಾಡರ್ನ್ ಆಗ್ಬಿಟ್ರು" ಎಂದು ಯಾಮಿನಿ ನನ್ನ ತೋಳು ಹಿಡಿದಳು. ನಾನು ಬಿಡಿಸಿಕೊಂಡು ಕೋಣೆಗೆ ಬಂದೆ.

ನಿನ್ನ ತಂಗಿಗೂ ಅವಳ ಯಜಮಾನರಿಗೂ ನನ್ನ ನಮಸ್ಕಾರ ತಿಳಿಸು. ಭಗವಂತ ಎಲ್ಲರನ್ನೂ ಕಾಯಲಿ.

ಇಂತು,
ನಟರಾಜ

ಮರೆತ ಮಾತು: ಮರೆತದ್ದಲ್ಲ, ಲೀಲಾ. ಮೇಲಿನದೆಲ್ಲವೂ ಇದನ್ನು ಮುಂದೂಡಲು ಬರೆದದ್ದು. ಕೋಣೆಗೆ ಬಂದವನೇ ನೀನು ಕಟ್ಟಿಕೊಟ್ಟ ಗಂಧದ ಕೊರಡನ್ನು ತೇಯ್ದೆ. ದೇವರಿಗೆ ಅರ್ಪಿಸುವ ಮೊದಲು ಆಘ್ರಾಣಿಸಬಾರದೆಂಬ ನಿಯಮವನ್ನು ಎಪ್ಪತ್ತೊಂದು ವರ್ಷಗಳಲ್ಲಿ ಮೊದಲ ಸಲ ಮುರಿದು ಮೂಗಿಗೆ ಹಿಡಿದೆ. ಏನೂ ಇಲ್ಲ. ಕರ್ಪೂರದ ವಾಸನೆಯೂ ಇಲ್ಲ. ಗುರುವಾರ ಸಂಕ್ರಾಂತಿಯ ಸಕ್ಕರೆಗೆಂದು ಕೊಂಬಿನಿ ಎಂಬ ಬೀದಿಯಂಗಡಿಗೆ ಹೋದಾಗ, ಅಲ್ಲಿಯ ಹುಡುಗಿಗೆ ನನ್ನ ಮಾತು ಕೇಳಿಸದೆಂದು ಮಾಸ್ಕ್ ಇಳಿಸಿದ್ದೆ. ಪಾತ್ರೆಗೆ ಗೆರೆ ಎಳೆಸಿದವನು ನಾನು. ಈಗ ಗೆರೆಯಾಚೆ ಇರಬೇಕಾದವನೂ ನಾನೇ. ಬೆಳಿಗ್ಗೆ ಅವಳಿಗೆ ತೀರ್ಥ ಕೊಟ್ಟದ್ದೂ ಇದೇ ಕೈ. ಚಿಲಕ ಹಾಕಿದ್ದೇನೆ. ಯಾಮಿನಿಗೆ ಹೇಳಲು ನನಗೆ ಬಾಯಿ ಬರುತ್ತಿಲ್ಲ. ಈ ಹಾಳೆಯ ಚಿತ್ರ ನಿನ್ನ ಮೊಬೈಲಿನಲ್ಲಿ ಕಂಡೊಡನೆ ಮಧುಕರನಿಗೆ ಫೋನ್ ಮಾಡಿ, ಅವಳನ್ನು ನನ್ನ ಬಾಗಿಲಿನಿಂದ ದೂರ ಕರೆದೊಯ್ಯಲು ಹೇಳು. ಈಗಲೇ ತಟ್ಟುತ್ತಿದ್ದಾಳೆ, "ಮಾವಾ, ಕಾಫಿ ಆರೋಗತ್ತೆ" ಎನ್ನುತ್ತಿದ್ದಾಳೆ. ಕಾಫಿಯ ಪರಿಮಳವೂ ಬರುತ್ತಿಲ್ಲ. ಬೇಗ.